ಕಾರವಾನಿ, ಪಶ್ಮಿ, ಮುಧೋಳ: ಒಂದು ನಾಯಿಯ ಮೂರು ಹೆಸರು

ಮುಧೋಳ ನಾಯಿ ಎಂಬ ಬೇಟೆನಾಯಿಯ ಹೆಸರು ಕೇಳಿದಾಗ ಕಲಬುರಗಿ ಕಡೆಯವರಿಗೆ ಸೇಡಂ ತಾಲ್ಲೂಕಿನ ಮುಧೋಳ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಆ ಊರಿಗೂ ಈ ನಾಯಿಗೂ ನಂಟಿಲ್ಲ. ಹೆಸರು ಬಂದಿರುವುದು ಬಾಗಲಕೋಟೆ ಜಿಲ್ಲೆಯ ಮುಧೋಳದಿಂದ, ಘೋರ್ಪಡೆ ಅರಸರ ಸಂಸ್ಥಾನದಿಂದ. ಅಲ್ಲಿಯ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಸಾಕಿ ಬೆಳೆಸಿದರು. ಬ್ರಿಟನ್ನಿನ ದೊರೆ ಐದನೆಯ ಜಾರ್ಜ್‌ಗೆ ಅವರು ಒಂದು ಜೋಡಿ ನಾಯಿ ಕೊಟ್ಟ ಮೇಲೆ 'ಮುಧೋಳ ಹೌಂಡ್' ಎಂಬ ಹೆಸರು ನಿಂತಿತು ಎನ್ನುತ್ತಾರೆ. ಅಂದರೆ ಈ ತಳಿಯ ಮೂರು ಹೆಸರುಗಳಲ್ಲಿ ಇದೇ ಕಿರಿಯದು.

ನಮ್ಮ ಭಾಗದವರಿಗೆ ಬಿಡಿಸಲು ಸುಲಭವಾದದ್ದು 'ಕಾರವಾನಿ'. ಪಾರಸಿಯಲ್ಲಿ ಕಾರವಾನ್ ಎಂದರೆ ಒಂಟೆ, ಕುದುರೆ, ಎತ್ತುಗಳ ಮೇಲೆ ಸರಕು ಹೇರಿಕೊಂಡು ಒಟ್ಟಾಗಿ ಸಾಗುವ ವ್ಯಾಪಾರಿಗಳ ತಂಡ. ಸಂಸ್ಕೃತದವರು ಇದನ್ನೇ ಸಾರ್ಥ ಎಂದರು. ಹೈದರಾಬಾದಿನ ಕಾರವಾನ್ ಬಡಾವಣೆಯ ಹೆಸರೂ ಇದೇ. ಕೊನೆಯ 'ಇ' ಪಾರಸಿ-ಉರ್ದುವಿನ ಸಂಬಂಧ ಸೂಚಕ: ಬೀದರಿನದು ಬಿದ್ರಿ, ಶಹಾಬಾದಿನದು ಶಹಾಬಾದಿ ಫರಸಿ, ಹಾಗೆಯೇ ಕಾರವಾನಿನದು ಕಾರವಾನಿ. ವ್ಯಾಪಾರಿಗಳ ತಂಡದ ಜೊತೆ ಬಂದ ನಾಯಿ ಎಂದಷ್ಟೇ ಅರ್ಥ. ಹೆಸರು ಹೇಳುವುದು ನಾಯಿ ಬಂದ ದಾರಿಯನ್ನು; ಹುಟ್ಟಿದ ಊರನ್ನಲ್ಲ.

ಆ ದಾರಿ ನಮಗೆ ಹೊಸದಲ್ಲ. 1347ರಲ್ಲಿ ಕಲಬುರಗಿಯನ್ನೂ ಮುಂದೆ ಬೀದರನ್ನೂ ರಾಜಧಾನಿ ಮಾಡಿಕೊಂಡ ಬಹಮನಿಗಳ ದರಬಾರಿನ ಭಾಷೆ ಪಾರಸಿ. ಬೀದರಿನ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗಿಲಾನ್ ಕಡೆಯಿಂದ ವ್ಯಾಪಾರಿಯಾಗಿಯೇ ಬಂದವನು. ಅವನು ನಾಯಿ ತಂದನೆಂದು ಇದರಿಂದ ಎಳೆದು ಹೇಳಬಾರದು. ಕಾರವಾನ್ ಎಂಬ ಪದ ಈ ನೆಲದಲ್ಲಿ ಹೇಗೆ ಬೇರು ಬಿಟ್ಟಿತು ಎಂಬುದಕ್ಕೆ ಮಾತ್ರ ಇದು ಸಾಕ್ಷಿ.

'ಕಾರವಾನ್ ಹೌಂಡ್' ಎಂಬುದು ಕಾರವಾನಿಯ ಅರ್ಧ ಇಂಗ್ಲಿಷ್ ರೂಪ. ಅರ್ಧ ಎನ್ನಲಿಕ್ಕೂ ಆಗದು, ಇಂಗ್ಲಿಷಿಗೆ ಆ ಪದ ಹೋದದ್ದೇ ಪಾರಸಿಯಿಂದ, ಫ್ರೆಂಚ್ ಮೂಲಕ. ನಾವು ಬಾಡಿಗೆಗೆ ಹಿಡಿಯುವ ವ್ಯಾನ್ ಕೂಡ ಈ ಕಾರವಾನಿನ ಬಾಲದ ತುಂಡೇ. ಹೌಂಡ್ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಬರೀ ನಾಯಿ. ಬರಬರುತ್ತ ಬೇಟೆನಾಯಿಗೆ ಮೀಸಲಾಯಿತು. ಸಂಸ್ಕೃತದ ಶ್ವಾನ ಅದಕ್ಕೆ ದೂರದ ದಾಯಾದಿ. ನಮ್ಮ 'ನಾಯಿ' ಮಾತ್ರ ಬೇರೆ ಮನೆತನದ್ದು, ಅಚ್ಚ ದ್ರಾವಿಡ.

ಇನ್ನು ಪಶ್ಮಿ. ಪಾರಸಿಯಲ್ಲಿ ಪಶ್ಮ್ ಎಂದರೆ ಉಣ್ಣೆ. ಪಶ್ಮೀನಾ ಶಾಲಿನಲ್ಲಿರುವುದೂ ಅದೇ. ಕಿವಿ, ಕಾಲು, ಬಾಲಗಳಲ್ಲಿ ರೇಷ್ಮೆಯಂಥ ನೀಳ ಕೂದಲು ಜೋತಾಡುವ ಕಾರವಾನಿಗೆ ಪಶ್ಮಿ ಎನ್ನುತ್ತಾರೆ, ನುಣುಪು ಮೈಯದಕ್ಕೆ ಬರೀ ಕಾರವಾನಿ. ಮೋಸ ನಡೆಯುವುದು ಇಲ್ಲಿಯೇ. ಪಶ್ಮಿ ಬೇರೆ ಅಪರೂಪದ ತಳಿ ಎಂದು ಹೇಳಿ ಮರಿಗೆ ಹೆಚ್ಚು ದುಡ್ಡು ಕೇಳುವವರಿದ್ದಾರೆ. ಎಳೆಯ ಮರಿಯಲ್ಲಿ ಆ ಕೂದಲು ಪೂರ್ತಿ ಬಂದಿರುವುದೇ ಇಲ್ಲ. ಹಾಗಾಗಿ ಮರಿಯನ್ನಲ್ಲ, ತಂದೆತಾಯಿಯನ್ನು ನೋಡಬೇಕು: ಉದ್ದನೆಯ ಇಕ್ಕಟ್ಟು ತಲೆ, ಕೆನ್ನೆಗೆ ಅಂಟಿದ ಜೋಲುಕಿವಿ, ಆಳವಾದ ಎದೆ, ಒಳಕ್ಕೆ ಎಳೆದ ಹೊಟ್ಟೆ. ಗಂಡಿನ ಎತ್ತರ ಭುಜದ ಹತ್ತಿರ ಸುಮಾರು 68ರಿಂದ 74 ಸೆಂ.ಮೀ., ಹೆಣ್ಣಿನದು ನಾಲ್ಕು ಸೆಂ.ಮೀ.ನಷ್ಟು ಕಡಿಮೆ. ಪಕ್ಕೆಲುಬು ತುಸು ಕಂಡರೆ ಉಪವಾಸ ಕೆಡವಿದ್ದಾರೆ ಎಂದುಕೊಳ್ಳಬೇಡಿ, ಓಡುವ ನಾಯಿಯ ಮೈಕಟ್ಟೇ ಹಾಗೆ.

ದಾಖಲೆಗಳಲ್ಲಿ ಗೊಂದಲ ಇನ್ನೊಂದು ಬಗೆಯದು. ತಳಿನಾಯಿಗಳನ್ನು ನೋಂದಾಯಿಸುವ ಸಂಘಗಳಲ್ಲಿ ಕೆನೆಲ್ ಕ್ಲಬ್ ಆಫ್ ಇಂಡಿಯಾ ಈ ತಳಿಯನ್ನು 'ಕಾರವಾನ್ ಹೌಂಡ್' ಎಂದು ನೋಂದಾಯಿಸುತ್ತದೆ, ಇಂಡಿಯನ್ ನ್ಯಾಷನಲ್ ಕೆನೆಲ್ ಕ್ಲಬ್ 'ಮುಧೋಳ ಹೌಂಡ್' ಎಂದು. ಅಂಚೆ ಇಲಾಖೆ 2005ರ ಅಂಚೆಚೀಟಿಯಲ್ಲಿ ಮುಧೋಳವನ್ನೇ ಆರಿಸಿತು. ಬೀದರಿನಲ್ಲಿ ಕೇಂದ್ರ ಕಚೇರಿ ಇರುವ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರ ನಡೆಸುತ್ತದೆ. ಅಲ್ಲಿ ಬಳಕೆಯಲ್ಲಿರುವುದೂ ಮುಧೋಳವೇ. ಹೀಗಾಗಿ ಹೆಸರು ಬೇರೆಯಿದೆ ಎಂಬ ಒಂದೇ ಕಾರಣಕ್ಕೆ ಮರಿಯ ನೋಂದಣಿ ಪ್ರಮಾಣಪತ್ರ ಸುಳ್ಳಾಗದು. ಹೆಸರನ್ನು ಬಿಟ್ಟು, ಮರಿಯ ಚರ್ಮದಡಿ ಸೇರಿಸಿದ ಗುರುತಿನ ಮೈಕ್ರೋಚಿಪ್‌ನ ಸಂಖ್ಯೆ ನೋಡಿ. ಪಶು ಆಸ್ಪತ್ರೆಯಲ್ಲಿ ಸ್ಕ್ಯಾನರ್ ಇದ್ದರೆ ಮರಿಯ ಹೆಗಲ ಮೇಲೆ ಹಿಡಿಸಿ, ಪತ್ರದಲ್ಲಿರುವ ಅಂಕಿಯೊಡನೆ ತಾಳೆ ನೋಡಿದ ಮೇಲೆಯೇ ದುಡ್ಡು ಎಣಿಸಿ.