ಪುಸ್ತಕದ ತೂಕ, ಎರೆಹೊಲದ ತೂಕ

ಮೃಗಶಿರಾ ಮಳೆ ಬಿದ್ದು ತೊಗರಿ, ಹೆಸರಿನ ಬಿತ್ತಿಗೆಗೆ ಗಡಿಬಿಡಿ ಹತ್ತಿದಾಗ ಕಲಬುರಗಿಯ ನಮ್ಮ ವರ್ಕ್‌ಶಾಪಿಗೆ ಬರುವ ಟ್ರ್ಯಾಕ್ಟರುಗಳಲ್ಲಿ ಹೆಚ್ಚಿನವಕ್ಕೆ ಇಂಜಿನ್ ದೋಷವೇ ಇರುವುದಿಲ್ಲ. ಎಳೆತ ಹೋಗಿದೆ ಎಂದು ಬರುತ್ತಾರೆ. ಕೈಯಲ್ಲಿ ಕಂಪನಿಯ ಕರಪತ್ರ ಇರುತ್ತದೆ. ತಮ್ಮದು 1,900 ಕಿಲೋ, ಬಾಜೂ ಹೊಲದವರದು 2,200 ಕಿಲೋ, ಅದಕ್ಕೇ ಅದು ಎಳೆಯುತ್ತದೆ, ನಮ್ಮದಕ್ಕೂ ಭಾರ ಹಾಕಿ ಕೊಡಿ ಎನ್ನುತ್ತಾರೆ. ಇಷ್ಟು ವರ್ಷಗಳಾದರೂ ಈ ಮಾತು ನಿಂತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಎರಡು ಕರಪತ್ರಗಳ ಅಂಕಿಗಳನ್ನು ಹಾಗೆ ಅಕ್ಕಪಕ್ಕ ಇಟ್ಟು ಹೋಲಿಸಬಾರದು. ಒಂದರಲ್ಲಿ ಗಾಲಿಗೆ ಕಟ್ಟಿದ ಬೀಡುಕಬ್ಬಿಣದ ಭಾರ ಸೇರಿರಬಹುದು, ಇನ್ನೊಂದರಲ್ಲಿ ಇಲ್ಲದಿರಬಹುದು. ಮಧ್ಯಪ್ರದೇಶದ ಬುದನಿಯಲ್ಲಿರುವ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆಯು ತನ್ನ ವರದಿಯಲ್ಲಿ ಹೆಚ್ಚುವರಿ ಭಾರ ಹಾಕಿದಾಗಿನ ತೂಕವನ್ನೂ ಹಾಕದಿದ್ದಾಗಿನ ತೂಕವನ್ನೂ ಬೇರೆ ಬೇರೆಯಾಗಿ ಕೊಡುವುದು ಇದೇ ಕಾರಣಕ್ಕೆ. 13.6-28 ಅಳತೆಯ ಹಿಂದಿನ ಟೈರಿಗೆ ಭಾರಕ್ಕೆಂದು ಮುಕ್ಕಾಲು ಮಟ್ಟ ನೀರು ತುಂಬಿದರೆ ಸುಮಾರು 200 ಲೀಟರ್ ಹಿಡಿಯುತ್ತದೆ. ಎರಡು ಗಾಲಿಗೆ 400 ಕಿಲೋ ಅಲ್ಲಿಯೇ ಕೂಡಿತು. 60 ಲೀಟರ್ ಡೀಸೆಲ್ ಎಂದರೆ 50 ಕಿಲೋ. ನಡೆಸುವವರ ತೂಕ ಬೇರೆ.

ಆದ್ದರಿಂದ ದಾಲ್‌ಮಿಲ್ಲಿನ ಹತ್ತಿರದ ಯಾವುದಾದರೂ ಕಾಟಾಕ್ಕೆ ಒಯ್ದು ತೂಗಿಸಿ ಎಂದು ಹೇಳುತ್ತೇನೆ: ಮೊದಲು ಇಡೀ ಗಾಡಿ, ಆಮೇಲೆ ಮುಂದಿನ ಗಾಲಿಗಳಷ್ಟೇ, ಆಮೇಲೆ ಹಿಂದಿನವಷ್ಟೇ. ಹಿಂದೆ ಕಟ್ಟಿದ, ಮಣ್ಣು ಪುಡಿ ಮಾಡುವ ರೋಟಾವೇಟರ್ ಎತ್ತಿ ನಿಲ್ಲಿಸಿದಾಗ ಮುಂದಿನ ಗಾಲಿಗಳ ಮೇಲೆ ಖಾಲಿ ಟ್ರ್ಯಾಕ್ಟರಿನ ತೂಕದ ಐದನೇ ಒಂದು ಪಾಲಾದರೂ ಉಳಿಯಬೇಕು. ಇಲ್ಲವಾದರೆ ಸ್ಟೇರಿಂಗ್ ಹಿಡಿತಕ್ಕೆ ಸಿಗುವುದಿಲ್ಲ.

ಯಾವ ಪುಸ್ತಕದಲ್ಲೂ ಬರೆಯದ ತೂಕವೊಂದಿದೆ, ಅದು ರಾಡಿಯದು. ಕಳೆದ ಮುಂಗಾರಿನಲ್ಲಿ ಜೇವರ್ಗಿ ಕಡೆಯ ತಂದೆ ಮಗ ಬಂದಿದ್ದರು. ಹಿಂದಿನ ಟೈರುಗಳ ಉಬ್ಬುಪಟ್ಟಿಗಳು ಕಾಣುತ್ತಲೇ ಇರಲಿಲ್ಲ. ಸಂದುಗಳೆಲ್ಲ ಮುಚ್ಚಿ, ಮೇಲೆ ಎರಡು ಬೆರಳು ಕರಿ ಮಣ್ಣು ಕೂತು, ಗಾಲಿ ರೋಡ್ ರೋಲರಿನ ಹಾಗೆ ನುಣ್ಣಗಾಗಿತ್ತು. ಆ ಹುಡುಗನ ಕೈಯಿಂದಲೇ ಕೆರೆಸಿ, ಗೊಬ್ಬರದ ಚೀಲಗಳಿಗೆ ತುಂಬಿಸಿ ತೂಗಿದೆವು. ಎರಡು ಗಾಲಿ, ಮಡ್‌ಗಾರ್ಡಿನ ಒಳಮೈ ಸೇರಿ 170 ಕಿಲೋ ಬಂತು. ಹುಡುಗ ಸುಮ್ಮನಾದ. ಅವರ ತಂದೆ ಚೀಲದಿಂದ ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ, ಬೆರಳಿಗೆ ಅಂಟಿದ್ದನ್ನು ಮಗನಿಗೆ ತೋರಿಸಿ, “ನೆಲ ಹದಕ್ಕ ಬಂದಿಲ್ಲಂತ ನಾ ಮೊನ್ನಿನೇ ಹೇಳಿದ್ದೆ ನೋಡಪಾ” ಎಂದರು. ನನ್ನ ಅರ್ಧ ತಾಸಿನ ವಿವರಣೆಗಿಂತ ಅದು ಸರಿಯಾಗಿತ್ತು.

ನಮ್ಮ ಎರೆ, ಅಂದರೆ ಈ ಕರಿ ನೆಲ, ನೀರು ಕುಡಿದರೆ ಉಬ್ಬುವ ಜಿಗುಟು ಮಣ್ಣು. ಪೂರ್ತಿ ನೀರು ನಿಂತ ಸುರಪುರ, ಶಹಾಪುರದ ಭತ್ತದ ಗದ್ದೆಯಲ್ಲಿ ಅದು ತೊಳೆದುಹೋಗುತ್ತದೆ. ಬೀದರದ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಇಷ್ಟು ಹತ್ತುವುದೇ ಇಲ್ಲ. ಮೇಲೆ ಆರಿದಂತೆ ಕಂಡು ಒಳಗೆ ಹಸಿ ಇರುವಾಗಲೇ ಎರೆ ಗಾಲಿಯನ್ನು ಹಿಡಿಯುವುದು. ಸಂದು ತುಂಬಿದ ಟೈರು ನೆಲವನ್ನು ಕಚ್ಚದೆ ಜಾರುತ್ತದೆ. ಆಗ ಭಾರ ಹೆಚ್ಚಿಸಿದರೆ ಗಾಡಿ ಇನ್ನಷ್ಟು ಹೂಳುತ್ತದೆ, ಅಡಿಯ ಮಣ್ಣು ಒತ್ತಿ ಗಟ್ಟಿಯಾಗುತ್ತದೆ, ತೊಗರಿಯ ತಾಯಿಬೇರು ಅಲ್ಲಿ ಇಳಿಯಲು ಒದ್ದಾಡುತ್ತದೆ. ಬೇಸಿಗೆಯ ಒಣ ಉಳುಮೆಗೆಂದು ಟೈರಿಗೆ ತುಂಬಿಸಿದ ನೀರನ್ನು ಬಿತ್ತಿಗೆಯ ಹೊತ್ತಿಗೆ ತೆಗೆಸುವುದು ಸಾಮಾನ್ಯವಾಗಿ ಒಳ್ಳೆಯದು. ಆದರೆ ನಿಮ್ಮ ನೇಗಿಲು, ಹೊಲದ ಇಳಿಜಾರು ನೋಡದೆ ಎಲ್ಲರಿಗೂ ಒಂದೇ ಮಾತು ಹೇಳಲಾರೆ. ಟೈರಿನ ಗಾಳಿಯನ್ನೂ ಕಂಪನಿಯ ಪುಸ್ತಕ ಹೊಲಕ್ಕೆ ಹೇಳಿದಷ್ಟೇ ಇಡಬೇಕು. ರಸ್ತೆಗೆಂದು ಬಿಗಿಯಾಗಿ ತುಂಬಿದ ಟೈರು ಬಾಗದು, ಬಾಗದ ಟೈರು ಮಣ್ಣನ್ನು ಉದುರಿಸದು. ಹಿಂದೆ ನಿಂತು ನೋಡಿದರೆ ಉಬ್ಬುಪಟ್ಟಿಗಳ ಚೂಪು ಮೇಲ್ಮುಖವಾಗಿರಬೇಕು. ಪಂಕ್ಚರ್ ಹಾಕಿಸಿ ಉಲ್ಟಾ ಕೂಡಿಸಿಕೊಂಡು ಬಂದವರನ್ನು ಪ್ರತಿ ವರ್ಷ ನೋಡುತ್ತೇನೆ. ಉಲ್ಟಾ ಕೂತ ಪಟ್ಟಿ ರಾಡಿಯನ್ನು ಅಂಚಿಗೆ ತಳ್ಳದೆ ನಡುವಿಗೆ ಎಳೆದುಕೊಳ್ಳುತ್ತದೆ.

ಮತ್ತು ಅದೇ ಸಂಜೆ ಕೆರೆಯಿರಿ. ರಾತ್ರಿ ಬಿಟ್ಟರೆ ಆಕ್ಸಲ್ ಸುತ್ತಲಿನ ಮಣ್ಣು ಇಟ್ಟಿಗೆಯಾಗಿ ಆಯಿಲ್ ಸೀಲನ್ನು ತಿನ್ನತೊಡಗುತ್ತದೆ, ಸೋರಿಕೆ ಅದರ ಅಡಿಯಲ್ಲೇ ಅಡಗಿರುತ್ತದೆ. ಕಟ್ಟಿಗೆಯ ಚಕ್ಕೆಯಿಂದ ಕೆರೆಯಿರಿ, ಸಲಾಕೆ ಬೇಡ. ಜೋರು ನೀರಿನ ಪೈಪನ್ನು ಸೀಲಿಗೂ ಡೈನಮೋಗೂ ನೇರ ಹಿಡಿಯಬೇಡಿ.