ಸೆಟ್ಟಿಂಗ್ಸ್ ಪುಟ ಮಸುಕಾಗಿದ್ದರೆ ಕನ್ನಡಕ ಬದಲಾಯಿಸಬೇಕಾ?

ಬದಿಯಡ್ಕದ ಓದುಗರೊಬ್ಬರ ಪ್ರಶ್ನೆ: "ಮಲಯಾಳಂ ಪುಟಗಳನ್ನು ಕನ್ನಡದಲ್ಲಿ ಓದೋಣ ಅಂತ ಬ್ರೌಸರಿಗೆ ಜೋಡಿಸುವ ಪುಟ್ಟ ಪ್ರೋಗ್ರಾಂ, ಅಂದರೆ ಒಂದು ಎಕ್ಸ್‌ಟೆನ್ಷನ್ ಹಾಕಿಕೊಂಡೆ. ಅದರ ಸೆಟ್ಟಿಂಗ್ಸ್ ತೆರೆದರೆ ಅಕ್ಷರವೇ ಕಾಣುವುದಿಲ್ಲ, ಯಾವುದು ಆನ್ ಯಾವುದು ಆಫ್ ಅಂತಲೂ ತಿಳಿಯುವುದಿಲ್ಲ. ನನ್ನ ಕಣ್ಣಿನದೇ ತೊಂದರೆಯಾ?"

ಪೇಪರು, ಫೋನು ಎಲ್ಲ ಸರಿಯಾಗಿ ಓದ್ತೀರಿ, ಇದೊಂದು ಪುಟ ಮಾತ್ರ ಕಾಣಲ್ಲ ಅಂದ್ರೆ ಕಣ್ಣಿಗಿಂತ ಮೊದಲು ಪುಟದ ಮೇಲೆ ಅನುಮಾನ ಪಡಿ. ಬಿಳಿ ಹಿನ್ನೆಲೆ, ಅದರ ಮೇಲೆ ತೆಳು ಬೂದು ಅಕ್ಷರ. ನೋಡೋಕೆ ನಾಜೂಕು, ಓದೋಕೆ ಕಷ್ಟ. ನಾನೂ ಒಮ್ಮೆ ಒಂದು ಪುಟ್ಟ ಎಕ್ಸ್‌ಟೆನ್ಷನ್ ಮಾಡಿ, ಜಗಲಿಯಲ್ಲಿ ಕೂತಿದ್ದ ಅಮ್ಮನಿಗೆ ಹೆಮ್ಮೆಯಿಂದ ತೋರಿಸಿದ್ದೆ. ಅಂಗಳದಲ್ಲಿ ಅಡಿಕೆ ಒಣಗುವಂಥ ಬಿಸಿಲು. "ಇದರಲ್ಲಿ ಏನೂ ಬರೆದೇ ಇಲ್ವಲ್ಲ ಮಾರಾಯ" ಅಂದರು.

ಇದಕ್ಕೊಂದು ಅಳತೆ ಇದೆ. ವೆಬ್ ಪುಟ ಎಲ್ಲರಿಗೂ ಓದಲು ಬರಲಿ ಅಂತ ಮಾಡಿದ ಡಬ್ಲ್ಯುಸಿಎಜಿ ಅನ್ನುವ ನಿಯಮದ ಪ್ರಕಾರ ಅಕ್ಷರ ಮತ್ತು ಹಿನ್ನೆಲೆಯ ನಡುವಿನ ಕಾಂಟ್ರಾಸ್ಟ್, ಅಂದರೆ ತಿಳಿ–ಗಾಢದ ಅಂತರ, ಕನಿಷ್ಠ 4.5:1 ಇರಬೇಕು, ದೊಡ್ಡ ಅಕ್ಷರವಾದರೆ 3:1 ಸಾಕು. ನಾನು ಹಾಕಿದ್ದು ಕಂಪ್ಯೂಟರಿನ ಬಣ್ಣದ ಸಂಖ್ಯೆಯಲ್ಲಿ 999999 ಅನ್ನುವ ಬೂದು. ಬಿಳಿಯ ಮೇಲೆ ಅದು 3:1ಕ್ಕೂ ಮುಟ್ಟುವುದಿಲ್ಲ. 767676 ಹಾಕಿದರೆ ಕೂದಲೆಳೆಯಲ್ಲಿ ಪಾಸು. ಇನ್ನೂ ಕಪ್ಪಾದರೆ ಯಾರಿಗೂ ನಷ್ಟ ಇಲ್ಲ.

ಆನ್–ಆಫ್ ತೊಂದರೆಯೂ ಬಣ್ಣದ್ದೇ. ಹಸಿರಾದರೆ ಆನ್, ಬೂದಾದರೆ ಆಫ್ ಅಂತ ಮಾಡಿದವರಿಗೆ ಗೊತ್ತು, ಬಣ್ಣ ಸರಿಯಾಗಿ ಗುರುತಿಸಲಾಗದವರಿಗೆ ಎರಡೂ ಒಂದೇ. ಗುಂಡಿಯ ಪಕ್ಕ "ಆನ್" ಅಂತ ಎರಡಕ್ಷರ ಬರೆದರೆ ಮುಗೀತು.

ಕನ್ನಡಕ್ಕಾದರೆ ಇನ್ನೊಂದು ತಾಪತ್ರಯವೂ ಇದೆ, ಒತ್ತಕ್ಷರ. ಇಂಗ್ಲಿಷಿನಲ್ಲಿ ಮಾತ್ರ ನೋಡಿ, ಅಕ್ಷರ ಕೂರುವ ಪೆಟ್ಟಿಗೆಯ ಎತ್ತರ ಬಿಗಿಯಾಗಿ ಕಟ್ಟಿದರೆ, ಅದೇ ಪೆಟ್ಟಿಗೆಗೆ ಕನ್ನಡ ಬಂದಾಗ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತದೆ. "ಭಾಷೆ ಪತ್ತೆ ಹಚ್ಚಿ" ಅನ್ನುವುದು "ಭಾಷೆ ಪತೆ ಹಚಿ" ಆಗಿ ಕೂರುತ್ತದೆ. ಪುಟ ಮಾಡುವವರು ಎತ್ತರವನ್ನು ಇಷ್ಟೇ ಅಂತ ಕಟ್ಟದೆ, ಸಾಲಿನ ಎತ್ತರ ಅಕ್ಷರದ 1.6 ಪಟ್ಟು ಇಟ್ಟು ನೋಡಲಿ. ನನ್ನ ಪುಟದಲ್ಲಿ ಒತ್ತುಗಳು ವಾಪಸ್ ಬಂದದ್ದು ಹಾಗೇ.

ಮಾಡಿದವರು ಇದನ್ನೆಲ್ಲ ಸರಿಪಡಿಸುವವರೆಗೆ ನೀವೇನು ಮಾಡಬಹುದು? ಕ್ರೋಮಿನಲ್ಲಿ ಆ ಎಕ್ಸ್‌ಟೆನ್ಷನ್ನಿನ ಐಕಾನಿನ ಮೇಲೆ ರೈಟ್ ಕ್ಲಿಕ್ ಮಾಡಿ, ಆಯ್ಕೆಗಳು ಅಂತ ಇದ್ದರೆ ಒತ್ತಿ. ಐಕಾನ್ ಒತ್ತಿದಾಗ ಬರುವ ಪುಟಾಣಿ ಕಿಟಕಿ 800×600 ಪಿಕ್ಸೆಲಿಗಿಂತ ದೊಡ್ಡದಾಗುವುದಿಲ್ಲ, ಆದರೆ ಆಯ್ಕೆಗಳು ಪೂರ್ತಿ ಟ್ಯಾಬಿನಲ್ಲಿ ತೆರೆದುಕೊಂಡರೆ ಕಂಟ್ರೋಲ್ ಮತ್ತು ಪ್ಲಸ್ ಒತ್ತಿ ಬೇಕಾದಷ್ಟು ಹಿಗ್ಗಿಸಬಹುದು. ಬಣ್ಣವೇ ಸಮಸ್ಯೆಯಾದರೆ ವಿಂಡೋಸಿನಲ್ಲಿ ಎಡ ಆಲ್ಟ್, ಎಡ ಶಿಫ್ಟ್, ಪ್ರಿಂಟ್ ಸ್ಕ್ರೀನ್ ಮೂರನ್ನೂ ಒಟ್ಟಿಗೆ ಒತ್ತಿ, ಹೌದು ಅನ್ನಿ. ಹೈ ಕಾಂಟ್ರಾಸ್ಟ್ ಬರುತ್ತದೆ. ಚಂದ ಏನಿಲ್ಲ, ಆದ್ರೆ ಕಾಣುತ್ತದೆ. ಬೇಡವಾದಾಗ ಮತ್ತೆ ಅದೇ ಮೂರು ಕೀ.

ಆಮೇಲೆ ಎಕ್ಸ್‌ಟೆನ್ಷನ್ ಮಾಡಿದವರಿಗೆ ಒಂದು ಸಾಲು ಬರೆಯಿರಿ. ಸುಮ್ನೆ "ಕಾಣಲ್ಲ" ಅಂದರೆ ಅವರಿಗೆ ಅರ್ಥ ಆಗಲ್ಲ. ಸ್ಕ್ರೀನ್‌ಶಾಟ್ ತೆಗೆದು, ಆ "ಪತೆ ಹಚಿ"ಗೆ ಕೆಂಪು ಗೆರೆ ಸುತ್ತಿ, ಪಕ್ಕದಲ್ಲೇ ಸರಿಯಾದದ್ದನ್ನು ದೊಡ್ಡದಾಗಿ ಬರೆದು ಕಳಿಸಿ. ಕನ್ನಡ ಬಾರದವರಿಗೂ ಕೆಳಗಡೆ ಏನೋ ಕಟ್ ಆಗಿದೆ ಅಂತ ಗೊತ್ತಾಗಲಿ.