ಅರವತ್ತು ಮೀಟರ್ ಆಚೆಗಿನ ಮುಖ

ಮನುಷ್ಯನ ಮುಖ ಹಣೆಯಿಂದ ಗದ್ದದವರೆಗೆ ಸುಮಾರು 20 ಸೆಂಟಿಮೀಟರ್. ಅದೇ ಮುಖವನ್ನು 60 ಮೀಟರ್ ದೂರದಿಂದ ನೋಡಿದರೆ ಹುಣ್ಣಿಮೆ ಚಂದ್ರನ ಅಗಲದ ಮೂರನೇ ಒಂದು ಪಾಲಿನಷ್ಟು ಕಾಣುತ್ತದೆ. ಒಳ್ಳೆಯ ದೃಷ್ಟಿಯುಳ್ಳವರಿಗೂ ಆ ದೂರದಲ್ಲಿ ಸುಮಾರು ಒಂದೂಮುಕ್ಕಾಲು ಸೆಂಟಿಮೀಟರಿಗಿಂತ ಸಣ್ಣ ವಿವರ ಬಿಡಿಸಿ ಕಾಣುವುದಿಲ್ಲ. ಹುಬ್ಬು ಗಂಟಿಕ್ಕಿತೋ, ತುಟಿ ನಡುಗಿತೋ, ಕಣ್ಣಂಚು ಒದ್ದೆಯಾಯಿತೋ, ಒಂದೂ ತಿಳಿಯದು. ಗ್ರೀಸಿನ ಎಪಿಡಾರಸ್ ಎಂಬಲ್ಲಿನ ಪುರಾತನ ಬಯಲು ರಂಗಮಂದಿರದ ಕೊನೆಯ ಸಾಲು, ನಾಟಕ ಆಡುವ ದುಂಡನೆಯ ಕಣದ ನಡುವಿನಿಂದ ಹೆಚ್ಚುಕಡಿಮೆ ಇಷ್ಟು ದೂರ. ಇಂದು ನಾಟಕಮಂದಿರ ಕಟ್ಟುವವರು, ನಟರ ಮುಖಭಾವ ಕಾಣಬೇಕೆಂದರೆ ಕೊನೆಯ ಕುರ್ಚಿ ಸುಮಾರು 20 ಮೀಟರ್ ದಾಟಬಾರದು ಎಂದು ಲೆಕ್ಕ ಹಾಕುತ್ತಾರೆ.

ಗ್ರೀಕ್ ರಂಗಭೂಮಿಯ ಮುಖವಾಡ, ಕುಣಿಯುವ ಮೇಳ, ಮೂವರೇ ನಟರು ಎಂಬ ನಿಯಮ, ಯಾರು ಬಂದರೆಂದು ಸಾರಿ ಹೇಳುವ ಮಾತುಗಳು, ಇವನ್ನೆಲ್ಲ ಡಯೊನೈಸಸ್ ದೇವರ ಆರಾಧನೆಯಿಂದ ಉಳಿದುಬಂದ ಆಚರಣೆ ಎಂದು ವಿವರಿಸುವುದು ವಾಡಿಕೆ. ಆ ವಿವರಣೆ ಸುಳ್ಳಲ್ಲ, ಆದರೆ ಸಾಲದು. ದೂರದ ಲೆಕ್ಕ ಹಿಡಿದು ನೋಡಿದರೆ ಇವುಗಳಲ್ಲಿ ಹಲವು ಒಂದೇ ತೊಂದರೆಗೆ ಕಂಡುಕೊಂಡ ಪರಿಹಾರಗಳಾಗಿ ಕಾಣುತ್ತವೆ.

ಮೊದಲು ಒಂದು ತಪ್ಪು ತಿಳಿವಳಿಕೆ ಸರಿಪಡಿಸಬೇಕು. ನಾವು ಚಿತ್ರಗಳಲ್ಲಿ ನೋಡುವ ಅಚ್ಚುಕಟ್ಟಾದ ಕಲ್ಲಿನ ಅರ್ಧಚಂದ್ರ ಈಸ್ಕಿಲಸ್, ಸೋಫೊಕ್ಲಿಸ್, ಯೂರಿಪಿಡೀಸರ ಕಾಲದ್ದಲ್ಲ. ಅವರ ನಾಟಕಗಳು ನಡೆದದ್ದು ಅಥೆನ್ಸಿನಲ್ಲಿ, ಅಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ. ಕ್ರಿ.ಪೂ. 5ನೇ ಶತಮಾನದಲ್ಲಿ ಅಲ್ಲಿದ್ದದ್ದು ಮರದ ಬೆಂಚುಗಳು. ಅದಕ್ಕೂ ಮುಂಚೆ ಮರದ ಅಟ್ಟಣೆಯೊಂದು ಪ್ರೇಕ್ಷಕರ ಸಮೇತ ಕುಸಿದಿತ್ತು ಎಂಬ ಐತಿಹ್ಯವಿದೆ. ಇಳಿಜಾರಿನ ಮಣ್ಣೇ ಭಾರ ಹೊರುವಲ್ಲಿ ಆ ಭಯ ಕಡಿಮೆ. ಅಥೆನ್ಸಿನ ರಂಗಮಂದಿರ ಪೂರ್ತಿ ಕಲ್ಲಿನದಾದದ್ದು ಲೈಕರ್ಗಸ್ ಆಡಳಿತ ನೋಡಿಕೊಳ್ಳುತ್ತಿದ್ದ ಕ್ರಿ.ಪೂ. 330ರ ಆಸುಪಾಸಿನಲ್ಲಿ. ಎಪಿಡಾರಸ್ ಕೂಡ ಅದೇ ಶತಮಾನದ ಉತ್ತರಾರ್ಧದ್ದು. ಅಂದರೆ ಮಹಾನಾಟಕಕಾರರು ಕಣ್ಮುಚ್ಚಿ ದಶಕಗಳಾದ ಮೇಲೆ, ಅವರ ನಾಟಕಗಳಿಂದ ಕಲಿತ ಪಾಠವನ್ನು ಕಲ್ಲಿನಲ್ಲಿ ಕಟ್ಟಿದರು. ಎಪಿಡಾರಸ್ಸಿನಲ್ಲಿ ಮೊದಲಿಗೆ 34 ಸಾಲು, ಮುಂದೆ ಮೇಲ್ಗಡೆ ಇನ್ನೂ 21, ಒಟ್ಟು 55. ಹನ್ನೆರಡು ಸಾವಿರಕ್ಕೂ ಹೆಚ್ಚು ಜನ ಕೂರಬಹುದು.

ಇಷ್ಟು ಜನಕ್ಕೆ ಮೈಕ್ ಇಲ್ಲದೆ ಮಾತು ಕೇಳಿಸುವುದು ಹೇಗೆ? ಮಾಮೂಲಿ ಮಾತು ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬೆಲ್ ಕಡಿಮೆಯಾಗುತ್ತದೆ. 60 ಮೀಟರ್ ತಲುಪುವ ಹೊತ್ತಿಗೆ ಹತ್ತಿರ ಹತ್ತಿರ 36 ಡೆಸಿಬೆಲ್ ಹೋಗಿ, ಉಳಿಯುವುದು 24. ಮರದೆಲೆಗಳ ಸದ್ದೇ ಅದನ್ನು ನುಂಗಬಲ್ಲದು. ತರಬೇತಾದ ನಟ ಎದೆ ತುಂಬಿ ಮಾತಾಡಿ 80 ಡೆಸಿಬೆಲ್ ಮುಟ್ಟಿಸಿದರೆ ಕೊನೆಯ ಸಾಲಿಗೆ 44 ಸಿಗುತ್ತದೆ. ಜನ ಸುಮ್ಮನಿದ್ದರೆ ಅಷ್ಟು ಸಾಕು. ಎಪಿಡಾರಸ್ಸಿನ ಮೊದಲ ಗುಟ್ಟು, ಹಾಗಾದರೆ, ನಟನ ಪುಪ್ಪುಸ.

ಎರಡನೆಯದು ಇಳಿಜಾರು. ಸಮತಟ್ಟು ನೆಲದಲ್ಲಿ ಕೂತ ಜನರ ತಲೆಗಳ ಮೇಲೆ ಸವರಿಕೊಂಡು ಹೋಗುವ ಶಬ್ದ ದೂರದ ಲೆಕ್ಕಕ್ಕಿಂತ ಹೆಚ್ಚಾಗಿ ಸೊರಗುತ್ತದೆ. ಎಪಿಡಾರಸ್ಸಿನಲ್ಲಿ ಏರು ಸುಮಾರು 26 ಡಿಗ್ರಿ. ಹಾಗಾಗಿ ಪ್ರತಿ ಸಾಲಿನವರಿಗೂ ಮುಂದಿನವರ ತಲೆ ಅಡ್ಡ ಬಾರದೆ ಶಬ್ದ ನೇರವಾಗಿ ಬರುತ್ತದೆ. ಜೊತೆಗೆ ಸುಮಾರು 20 ಮೀಟರ್ ವ್ಯಾಸದ ಗಟ್ಟಿ ನೆಲದ ಕಣ. ನಟನ ಬಾಯಿಂದ ಹೊರಟ ಶಬ್ದದ ಒಂದು ಪಾಲು ಈ ನೆಲಕ್ಕೆ ಬಡಿದು, ಮೂಲ ಶಬ್ದದ ಹಿಂದೆಯೇ ಕೆಲವೇ ಮಿಲಿಸೆಕೆಂಡುಗಳ ಅಂತರದಲ್ಲಿ ಮೇಲೇರುತ್ತದೆ. ಇಷ್ಟು ಬೇಗ ಬಂದ ಪ್ರತಿಫಲನವನ್ನು ಕಿವಿ ಪ್ರತಿಧ್ವನಿ ಎಂದು ಎಣಿಸುವುದಿಲ್ಲ. ಮಾತು ಇನ್ನಷ್ಟು ಗಟ್ಟಿಯಾಯಿತು ಎಂದುಕೊಳ್ಳುತ್ತದೆ. ಕಣದ ಹಿಂದಿನ ರಂಗಗೃಹದ ಗೋಡೆಯೂ ಇದೇ ಕೆಲಸ ಮಾಡುತ್ತಿತ್ತು. ಈಗ ಆ ಕಟ್ಟಡದ ಬುಡ ಮಾತ್ರ ಉಳಿದಿದೆ. ಇಂದು ಅಲ್ಲಿ ನಿಂತು ಕೇಳುವ ಶಬ್ದವನ್ನು ಅಂದಿನದೇ ಎಂದು ನಂಬುವುದು ಆ ಕಾರಣಕ್ಕೂ ಕಷ್ಟ.

ಮೂರನೆಯದು ಮೆಟ್ಟಿಲುಗಳು. 2007ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ನಿಕೊ ಡೆಕ್ಲರ್ಕ್ ಮತ್ತು ಸಿಂಡಿ ಡೆಕೈಸರ್ ಒಂದು ಗಣಿತ ಮಾದರಿ ಮುಂದಿಟ್ಟರು. ಒಂದೇ ಅಳತೆಯಲ್ಲಿ ಮತ್ತೆ ಮತ್ತೆ ಬರುವ ಸುಣ್ಣಕಲ್ಲಿನ ಸಾಲುಗಳು ಶಬ್ದವನ್ನು ಸೋಸುತ್ತವೆ. ಸುಮಾರು 500 ಹರ್ಟ್ಸ್‌ಗಿಂತ, ಅಂದರೆ ಸೆಕೆಂಡಿಗೆ 500 ಸಲಕ್ಕಿಂತ, ಕೆಳಗಿನ ಕಂಪನಗಳು ಕುಗ್ಗಿ, ಮೇಲಿನವು ಉಳಿಯುತ್ತವೆ ಎಂಬುದು ಅದರ ಸಾರ. ಗಾಳಿಯ ಗುಂಯ್ ಸದ್ದು, ಜನಜಂಗುಳಿಯ ಗುಜುಗುಜು ಹೆಚ್ಚಾಗಿ ಆ ಕೆಳಗಿನ ಭಾಗದಲ್ಲೇ ಇರುತ್ತವೆ. ಆದರೆ ಗಂಡಸಿನ ದನಿಯ ಮೂಲ ಕಂಪನವೂ ಅಲ್ಲೇ, 100 ಹರ್ಟ್ಸ್ ಆಚೀಚೆ, ಇದೆಯಲ್ಲ? ಅದು ಕಳೆದುಹೋದರೂ ನಷ್ಟವಿಲ್ಲ. ಮೇಲಿನ ಕಂಪನಗಳು ಸಿಕ್ಕಿದರೆ ಮಿದುಳು ಕಾಣೆಯಾದ ಮೂಲಸ್ವರವನ್ನು ತಾನೇ ಊಹಿಸಿ ತುಂಬಿಕೊಳ್ಳುತ್ತದೆ. ಹಳೆಯ ದೂರವಾಣಿ ತಂತಿ 300 ಹರ್ಟ್ಸ್‌ಗಿಂತ ಕೆಳಗಿನದನ್ನು ಸಾಗಿಸುತ್ತಲೇ ಇರಲಿಲ್ಲ, ಆದರೂ ಅಪ್ಪನ ದನಿ ಅಪ್ಪನದಾಗಿಯೇ ಕೇಳುತ್ತಿತ್ತು.

ಇಷ್ಟು ಓದಿ, ಕಣದ ನಡುವೆ ನಾಣ್ಯ ಬಿದ್ದರೆ ಕೊನೆಯ ಸಾಲಿಗೆ ಸ್ಪಷ್ಟವಾಗಿ ಕೇಳುತ್ತದೆ ಎಂಬ ಪ್ರವಾಸಿ ಮಾರ್ಗದರ್ಶಕರ ಮಾತನ್ನು ನಂಬಿಬಿಡಬೇಡಿ. ನೆದರ್ಲೆಂಡ್ಸಿನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದವರು ಅಲ್ಲಿ ಉಪಕರಣವಿಟ್ಟು ಅಳೆದು, 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ನಾಣ್ಯ ಬಿದ್ದದ್ದು, ಕಾಗದ ಹರಿದದ್ದು ಮೇಲಿನವರೆಗೂ 'ಏನೋ ಸದ್ದು' ಎಂಬಷ್ಟು ಕೇಳಬಹುದು, ಆದರೆ ಅದು ನಾಣ್ಯವೋ ಕಾಗದವೋ ಎಂದು ಗುರುತಾಗುವುದು ಅರ್ಧದವರೆಗೆ ಮಾತ್ರ. ಪಿಸುಮಾತು ಅರ್ಥವಾಗುವುದು ಮುಂದಿನ ಸಾಲಿನವರಿಗಷ್ಟೇ. ಕೊನೆಯವರೆಗೆ ತಿಳಿಯಬೇಕಾದರೆ ದನಿ ಎತ್ತರಿಸಿಯೇ ಮಾತಾಡಬೇಕು. ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಆಸನಗಳ ಕೆಳಗೆ ಶ್ರುತಿ ಮಾಡಿದ ಕಂಚಿನ ಪಾತ್ರೆಗಳನ್ನು ಇಡಬೇಕೆಂದು ಬರೆದದ್ದೂ ಇಂಥದೇ ಆಕರ್ಷಕ ವಿಷಯ. ಎಪಿಡಾರಸ್ಸನ್ನು ವಿವರಿಸಲು ಅದರ ಅಗತ್ಯವೇ ಬೀಳುವುದಿಲ್ಲ.

ಮುಚ್ಚಿದ ನಾಟಕಮಂದಿರದ ತೊಂದರೆ ಇದಕ್ಕೆ ತದ್ವಿರುದ್ಧ. ಗೋಡೆ, ಚಾವಣಿಗಳು ಶಬ್ದವನ್ನು ಹಿಡಿದಿಟ್ಟುಕೊಳ್ಳುವುದರಿಂದ ದನಿ ದೊಡ್ಡದಾಗುತ್ತದೆ, ಆದರೆ ಅನುರಣನ, ಅಂದರೆ ಸದ್ದು ನಿಂತ ಮೇಲೂ ಉಳಿಯುವ ಮೊರೆತ, ಹೆಚ್ಚಾದರೆ ಒಂದು ಅಕ್ಷರದ ಬಾಲ ಮುಂದಿನದರ ಮೇಲೆ ಬಿದ್ದು ಮಾತು ಕಲಸಿಹೋಗುತ್ತದೆ. 1895ರಲ್ಲಿ ಹಾರ್ವರ್ಡಿನ ಯುವ ಅಧ್ಯಾಪಕ ವ್ಯಾಲೆಸ್ ಸಬೈನ್‌ಗೆ ಒಪ್ಪಿಸಿದ ಉಪನ್ಯಾಸ ಕೊಠಡಿಯಲ್ಲಿ ಒಂದು ಸದ್ದು ಅಡಗಲು ಐದೂವರೆ ಸೆಕೆಂಡ್ ಬೇಕಿತ್ತು. ಪಕ್ಕದ ಸಭಾಂಗಣದಿಂದ ಮೆತ್ತೆಗಳನ್ನು ಹೊತ್ತು ತಂದು ಹಾಸುತ್ತ, ತೆಗೆಯುತ್ತ ಅವರು ಕೊಠಡಿಯ ಗಾತ್ರಕ್ಕೂ ಶಬ್ದ ಹೀರುವ ಮೇಲ್ಮೈಗಳಿಗೂ ಇರುವ ಸಂಬಂಧ ಕಂಡುಹಿಡಿದರು. ಇಂದು ಮಾತಿನ ನಾಟಕಕ್ಕೆ ಒಂದು ಸೆಕೆಂಡ್ ಆಸುಪಾಸಿನ ಅನುರಣನ ಹಿತ ಎನ್ನುತ್ತಾರೆ. ಬಯಲಿಗೆ ಚಾವಣಿಯೇ ಇಲ್ಲ, ಹಾಗಾಗಿ ಅಲ್ಲಿ ಮಾತು ಸಣ್ಣದಾದರೂ ಅಕ್ಷರಗಳು ಬಿಡಿಬಿಡಿಯಾಗಿ ಕೇಳುತ್ತವೆ.

ಎಷ್ಟು ಬಿಡಿಬಿಡಿ ಎಂಬುದಕ್ಕೆ ಒಬ್ಬ ನಟನ ಅವಮಾನವೇ ಸಾಕ್ಷಿ. ಕ್ರಿ.ಪೂ. 408ರಲ್ಲಿ ಯೂರಿಪಿಡೀಸನ 'ಒರೆಸ್ಟಿಸ್' ಆಡುವಾಗ ಹೆಗೆಲೊಖಸ್ ಎಂಬ ನಟ, ಅಲೆಗಳ ನಂತರ ಶಾಂತ ಕಡಲನ್ನು ಕಾಣುತ್ತಿದ್ದೇನೆ ಎನ್ನುವ ಸಾಲಿನಲ್ಲಿ ಸ್ವರದ ಏರಿಳಿತ ತಪ್ಪಿದ. ಉಸಿರು ಸಾಲದೆ ಹೋಯಿತೆಂದು ಹಳೆಯ ಟಿಪ್ಪಣಿಕಾರರು ಹೇಳುತ್ತಾರೆ. ಜನಕ್ಕೆ ಕೇಳಿಸಿದ್ದು, ಇಲಿ ಹಿಡಿಯುವ ವೀಸಲ್ ಎಂಬ ಪುಟ್ಟ ಪ್ರಾಣಿಯನ್ನು ಕಾಣುತ್ತಿದ್ದೇನೆ ಎಂದು. ಮೂರು ವರ್ಷದ ನಂತರವೂ ವಿನೋದನಾಟಕಕಾರ ಅರಿಸ್ಟೊಫೆನೀಸ್ ತನ್ನ ನಾಟಕದಲ್ಲಿ ಇದನ್ನು ಆಡಿಕೊಂಡ. ಸಾವಿರಾರು ಜನ ಕೂತ ಬಯಲಿನಲ್ಲಿ ಒಂದು ಸ್ವರದ ಎಡವಟ್ಟು ದಕ್ಕಿತೆಂದರೆ ಅಲ್ಲಿನ ಕಿವಿಗಳು ಎಷ್ಟು ಚುರುಕಾಗಿದ್ದವೋ!

ಮುಖ ಕಾಣದಿರುವಾಗ ಪಾತ್ರ ಯಾವುದೆಂದು ಗುರುತಿಸುವುದು ಮುಂದಿನ ಪ್ರಶ್ನೆ. ಮುಖವಾಡ ಅದಕ್ಕೆ ಉತ್ತರ. ಅದು ಮುಖಕ್ಕೆ ಕಟ್ಟುವ ಹಲಗೆಯಲ್ಲ. ನಾರುಬಟ್ಟೆಯನ್ನು ಅಂಟಿನಲ್ಲಿ ಗಟ್ಟಿಯಾಗಿಸಿ, ಬಣ್ಣ ಹಚ್ಚಿ, ಕೂದಲು ಅಂಟಿಸಿ, ಇಡೀ ತಲೆಗೆ ಹಾಕಿಕೊಳ್ಳುವಂಥದು. ಅಸಲಿ ಮುಖವಾಡ ಒಂದೂ ಉಳಿದಿಲ್ಲ. ಮಣ್ಣಿನ, ಅಮೃತಶಿಲೆಯ ಪ್ರತಿರೂಪಗಳಿವೆ, ಹೂಜಿಗಳ ಮೇಲಿನ ಚಿತ್ರಗಳಿವೆ. ನೇಪಲ್ಸಿನಲ್ಲಿರುವ, ಕ್ರಿ.ಪೂ. 400ರ ಸುಮಾರಿನ ಪ್ರೊನೊಮಸ್ ಹೂಜಿಯಲ್ಲಿ ನಟರು ಮುಖವಾಡಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದಾರೆ. ತೆರೆದ ಬಾಯಿಯ ಮುಖವಾಡ ದನಿಯನ್ನು ದೊಡ್ಡದು ಮಾಡುವ ತುತ್ತೂರಿಯಾಗಿತ್ತು ಎಂಬ ಹಳೆಯ ಊಹೆಯನ್ನು ನಾನು ಒಪ್ಪುವುದಿಲ್ಲ. ಬಾಯಿಯ ಎದುರಿನ ಬರಿ ತೂತು ತುತ್ತೂರಿಯ ಕೆಲಸ ಮಾಡಲಾರದು. ಮುಖವಾಡ ಹಾಕಿದ ನಟ ತಲೆ ತಿರುಗಿಸಿದರೆ ಅವನ ಬೆನ್ನ ಕಡೆ ಉಳಿದ ಪ್ರೇಕ್ಷಕರಿಗೆ ವ್ಯಂಜನಗಳು ಮಾಸಲಾಗುತ್ತವೆ, ಏಕೆಂದರೆ ಮಾತಿನ ಎತ್ತರದ ಕಂಪನಗಳು ಬಾಯಿ ತೋರಿದ ದಿಕ್ಕಿಗೇ ಹೆಚ್ಚು ಸಾಗುತ್ತವೆ. ಎಪಿಡಾರಸ್ಸಿನ ಆಸನಗಳು ಅರ್ಧವೃತ್ತವನ್ನೂ ಮೀರಿ ಸುತ್ತುವರಿದಿವೆ. ನಟ ಪಕ್ಕದವನತ್ತ ತಿರುಗಿ ಸಂಭಾಷಿಸಿದರೆ ಒಂದು ತುದಿಯವರು ಮಾತು ಕಳೆದುಕೊಳ್ಳುತ್ತಾರೆ. ಆದ್ದರಿಂದ ಎದುರು ನೋಡಿ ಹೇಳುವ ದೀರ್ಘ ಮಾತುಗಳು.

ಮುಖವಾಡದಿಂದ ಇನ್ನೊಂದು ಲಾಭ. ಮಾತಾಡುವ ನಟರು ಮೂವರೇ ಆದರೂ ಪಾತ್ರಗಳು ಏಳೆಂಟು ಇರಬಹುದು. ಈಸ್ಕಿಲಸ್ ಎರಡನೆಯ ನಟನನ್ನೂ ಸೋಫೊಕ್ಲಿಸ್ ಮೂರನೆಯವನನ್ನೂ ತಂದರೆಂದು ಅರಿಸ್ಟಾಟಲ್ ಬರೆಯುತ್ತಾನೆ. ಹೆಣ್ಣು ಪಾತ್ರಗಳೂ ಗಂಡಸರವೇ. ಇಷ್ಟರಲ್ಲೇ ಹೊಂದಿಸುವಾಗ ಇಕ್ಕಟ್ಟು ಬರುತ್ತದೆ: ಈಸ್ಕಿಲಸನ 'ಒರೆಸ್ಟಿಯಾ'ದ ಎರಡನೆಯ ನಾಟಕದಲ್ಲಿ ಗಾಬರಿಯಿಂದ ಓಡಿಬರುವ ಸೇವಕ ಒಳಹೋದ ಹತ್ತು ಸಾಲಿನ ಆಸುಪಾಸಿನಲ್ಲೇ, ಅಲ್ಲಿಯವರೆಗೆ ಮೂಕನಾಗಿದ್ದ ಪೈಲಡೀಸ್ (ನಾಯಕ ಒರೆಸ್ಟಿಸನ ಗೆಳೆಯ) ಬಾಯಿ ತೆರೆದು ಮೂರೇ ಸಾಲು ಹೇಳುತ್ತಾನೆ. ಸೇವಕನ ನಟನೇ ಮುಖವಾಡ ಬದಲಿಸಿ ಬಂದಿರಬೇಕೆಂದು ಪುರಾತನ ಟಿಪ್ಪಣಿಯೊಂದು ಹೇಳುತ್ತದೆ.

ರುದ್ರನಾಟಕದ ಮೇಳದಲ್ಲಿ ಮೊದಲು 12 ಜನ, ಆಮೇಲೆ 15, ವಿನೋದನಾಟಕದಲ್ಲಿ 24. ಒಬ್ಬನ ಕೈ ಸನ್ನೆ 60 ಮೀಟರಿಗೆ ಸಣ್ಣದು. ಹದಿನೈದು ದೇಹಗಳು ಒಟ್ಟಿಗೆ ಬಾಗಿದರೆ ಕೊನೆಯ ಸಾಲಿಗೂ ದುಃಖ ಮುಟ್ಟುತ್ತದೆ. ಇದಕ್ಕೆ ಹಣ ಬೇಕು. ಶ್ರೀಮಂತ ನಾಗರಿಕನೊಬ್ಬನ ಮೇಲೆ ನಗರ ಆ ಹೊಣೆ ಹೊರಿಸುತ್ತಿತ್ತು: ತಾಲೀಮು, ವೇಷ, ಊಟ, ಎಲ್ಲ ಅವನದೇ. ಲೈಸಿಯಸ್ ಬರೆದುಕೊಟ್ಟ ಒಂದು ನ್ಯಾಯಾಲಯದ ಭಾಷಣದಲ್ಲಿ ಕಕ್ಷಿದಾರ ರುದ್ರನಾಟಕದ ಮೇಳಕ್ಕೆ 3000 ಡ್ರಾಕ್ಮಾ ಸುರಿದೆ ಎನ್ನುತ್ತಾನೆ. ಆಗ ಕುಶಲಕರ್ಮಿಯ ದಿನಗೂಲಿ ಸುಮಾರು ಒಂದು ಡ್ರಾಕ್ಮಾ. ಇಷ್ಟು ಖರ್ಚು, ಹಬ್ಬದಲ್ಲಿ ಸಾಮಾನ್ಯವಾಗಿ ಒಂದೇ ಒಂದು ಪ್ರದರ್ಶನಕ್ಕೆ! ಮೊದಲ ಪ್ರಯೋಗದ ತಪ್ಪನ್ನು ಎರಡನೆಯದರಲ್ಲಿ ತಿದ್ದಿಕೊಳ್ಳುವ ಇಂದಿನ ತಂಡಗಳ ಸವಲತ್ತು ಅವರಿಗಿರಲಿಲ್ಲ.

ದೂರ ನಾಟಕದ ಬರವಣಿಗೆಯೊಳಕ್ಕೂ ಇಳಿದಿದೆ. ಪಕ್ಕದ ದಾರಿಯಿಂದ ಕಣದ ನಡುವಿಗೆ 20 ಮೀಟರ್ ನಡೆಯಲು ಗಂಭೀರ ನಡಿಗೆಗೆ ಇಪ್ಪತ್ತು ಸೆಕೆಂಡ್ ಬೇಕು. ಅಷ್ಟರಲ್ಲಿ ಐದು ಸಾಲು ಹೇಳಬಹುದು. 'ಅಗೋ, ದೊರೆ ಕ್ರಿಯಾನ್ ಬರುತ್ತಿದ್ದಾನೆ' ಎಂದು ಮೇಳ ಸಾರುವುದು ಈ ಬಿಡುವಿನಲ್ಲೇ. ಇಂದಿನ ನಿರ್ದೇಶಕರು ಆ ಸಾಲುಗಳನ್ನು ಹಳೆಯ ಜಡಭಾರವೆಂದು ಕತ್ತರಿಸುತ್ತಾರೆ. ಸೈಡ್‌ವಿಂಗಿನಿಂದ ಎರಡು ಹೆಜ್ಜೆಗೆ ರಂಗಕ್ಕೆ ಬರುವ ಕಡೆ ಅದು ಸರಿ. ದೊಡ್ಡ ಬಯಲಿನಲ್ಲಿ ಹಾಗೆ ಮಾಡಿದರೆ ನಟ ನಡೆದು ಬರುವವರೆಗೆ ನಾಟಕ ನಿಂತುಬಿಡುತ್ತದೆ.

ಯಂತ್ರಗಳು ಎರಡು ಮುಖ್ಯ. ಒಳಗೆ ನಡೆದ ಕೊಲೆಯ ಹೆಣಗಳನ್ನು ಹೊರಕ್ಕೆ ತಳ್ಳಿ ತೋರಿಸುವ ಗಾಲಿಯ ಹಲಗೆ ಒಂದು. ದೇವತೆಗಳನ್ನು ಗಾಳಿಯಲ್ಲಿ ಎತ್ತುವ ಮರದ ಕ್ರೇನ್ ಇನ್ನೊಂದು. ಕ್ರೇನ್ ನಂಬಿಕಸ್ಥ ಯಂತ್ರವಾಗಿರಲಿಲ್ಲವೇನೋ. ಅರಿಸ್ಟೊಫೆನೀಸನ ಕ್ರಿ.ಪೂ. 421ರ 'ಶಾಂತಿ' ನಾಟಕದಲ್ಲಿ ಸಗಣಿಹುಳುವಿನ ಮೇಲೆ ಕೂತು ಹಾರುವ ನಾಯಕ, ಪಾತ್ರ ಬಿಟ್ಟು, ಹುಷಾರಪ್ಪಾ ಎಂದು ಕ್ರೇನಿನವನನ್ನೇ ಕೂಗುತ್ತಾನೆ.

ಬೆಳಕು ಸೂರ್ಯನದು. ಪ್ರೇಕ್ಷಕರು ನಟರಷ್ಟೇ ಬೆಳಕಿನಲ್ಲಿರುತ್ತಿದ್ದರು, ಒಬ್ಬರನ್ನೊಬ್ಬರು ನೋಡುತ್ತಿದ್ದರು. ನಾಟಕಕ್ಕೆ ಮುಂಚೆ ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡ ಹುಡುಗರನ್ನು ಕವಚ ತೊಡಿಸಿ ಅದೇ ಕಣದಲ್ಲಿ ಮೆರೆಸುತ್ತಿದ್ದರು. ಇದೆಲ್ಲ ಬದಲಾಗತೊಡಗಿದ್ದು ನಾಟಕ ಮಾಡಿನ ಕೆಳಗೆ ಬಂದಾಗ. 1585ರಲ್ಲಿ ಇಟಲಿಯ ವಿಚೆಂಜಾದಲ್ಲಿ ಪಲ್ಲಾಡಿಯೊ ವಿನ್ಯಾಸದ ಒಲಿಂಪಿಕೊ ರಂಗಮಂದಿರ ಶುರುವಾದದ್ದು ಸೋಫೊಕ್ಲಿಸನ ಈಡಿಪಸ್‌ನಿಂದಲೇ, ಆದರೆ ದೀಪದ ಬೆಳಕಿನಲ್ಲಿ. ಆಮೇಲೆ ಗ್ಯಾಸ್ ದೀಪ ಬಂತು. 1876ರಲ್ಲಿ ಸಂಗೀತನಾಟಕಕಾರ ವಾಗ್ನರ್ ಜರ್ಮನಿಯ ಬೈರಾಯ್ಟಿನಲ್ಲಿ ಪ್ರೇಕ್ಷಾಂಗಣವನ್ನು ಕತ್ತಲಾಗಿಸಿದ. 1881ರಲ್ಲಿ ಲಂಡನ್ನಿನ ಸವಾಯ್ ಥಿಯೇಟರಿಗೆ ವಿದ್ಯುತ್ ಬಂತು. ಸ್ಪಾಟ್‌ಲೈಟ್ ಒಂದು ಮುಖವನ್ನು ಆರಿಸಿ ತೋರಿಸಬಲ್ಲುದಾದ ಮೇಲೆ ನಟನೆ ಹುಬ್ಬಿಗೆ, ತುಟಿಗೆ ಬಂದು ಕೂತಿತು. ಕತ್ತಲೆಗೆ, ಬೆಂಕಿಗೆ ಬೆಲೆಯನ್ನೂ ತೆತ್ತರು: 1903ರಲ್ಲಿ ಷಿಕಾಗೊದ ಇರಾಕ್ವಾ ಥಿಯೇಟರಿನಲ್ಲಿ ಬೆಂಕಿ ಹತ್ತಿ 600ಕ್ಕೂ ಹೆಚ್ಚು ಜನ ಸತ್ತರು. ಬಾಗಿಲು ಹೊರಕ್ಕೆ ತೆರೆಯಬೇಕೆಂಬಂಥ ನಿಯಮಗಳು ಬಿಗಿಯಾದದ್ದು ಇಂಥ ದುರಂತಗಳ ನಂತರ.

ಗ್ರೀಕ್ ನಾಟಕವನ್ನು ಈಗ ಆಡುವವರಿಗೆ ನಿಜವಾದ ತೊಡಕು ಇಲ್ಲಿದೆ: ದೂರಕ್ಕೆಂದು ಬರೆದದ್ದನ್ನು ಹತ್ತಿರ ಕೂತವರಿಗೆ ಆಡಬೇಕು. ಲಂಡನ್ನಿನ ನ್ಯಾಷನಲ್ ಥಿಯೇಟರಿನ ಒಲಿವಿಯರ್ ಸಭಾಂಗಣಕ್ಕೆ ಎಪಿಡಾರಸ್ಸೇ ಸ್ಫೂರ್ತಿ, ಆದರೆ ಅಲ್ಲಿ ಕೂರುವವರು ಸಾವಿರದ ನೂರು ಚಿಲ್ಲರೆ ಜನ. 1981ರಲ್ಲಿ ನಿರ್ದೇಶಕ ಪೀಟರ್ ಹಾಲ್ ಅಲ್ಲಿ ಮುಖವಾಡ ತೊಡಿಸಿಯೇ 'ಒರೆಸ್ಟಿಯಾ' ಆಡಿಸಿ, ಮರುವರ್ಷ ಅದನ್ನು ಎಪಿಡಾರಸ್ಸಿಗೂ ಒಯ್ದರು. ಎಪಿಡಾರಸ್ಸಿನಲ್ಲೂ ಈಗಿನ ಬೇಸಿಗೆ ಪ್ರದರ್ಶನಗಳು ರಾತ್ರಿ, ವಿದ್ಯುತ್ ದೀಪದಲ್ಲಿ.

ಕನ್ನಡಕ್ಕೆ ಈ ನಾಟಕಗಳು ಮೊದಲು ಬಂದದ್ದು ಓದಿನ ದಾರಿಯಲ್ಲಿ: ಬಿ.ಎಂ.ಶ್ರೀ. ಅವರ 'ಅಶ್ವತ್ಥಾಮನ್' ಸೋಫೊಕ್ಲಿಸನ 'ಏಜಾಕ್ಸ್' ಅನ್ನು ಆಧರಿಸಿದ್ದು, 'ಪಾರಸಿಕರು' ಈಸ್ಕಿಲಸನದು. ಲಂಕೇಶರ ಈಡಿಪಸ್ಸನ್ನು ಬಿ.ವಿ. ಕಾರಂತರು 1970ರ ದಶಕದ ಆರಂಭದಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಆಡಿಸಿದರು. ಇಂದು ಯಾವುದಾದರೂ ತಂಡ ಮೈದಾನದಲ್ಲಿ ಆಡುವುದಾದರೆ ಮೊದಲು ನೋಡಬೇಕಾದ್ದು ರಂಗದ ಅಲಂಕಾರವಲ್ಲ, ನೆಲದ ಏರು. ಏರಿಲ್ಲದಿದ್ದರೆ ರಂಗವನ್ನು ಒಂದು ಮೀಟರ್ ಎತ್ತರಿಸಿ, ಹಿಂದೆ ಪ್ಲೈವುಡ್ಡಿನಂಥ ಗಟ್ಟಿ ಗೋಡೆ ನಿಲ್ಲಿಸಬೇಕು. ಬಟ್ಟೆಯ ಪರದೆ ದನಿಯನ್ನು ಹಿಂದಿರುಗಿಸುವುದಿಲ್ಲ. ಇಡೀ ತಲೆ ಮುಚ್ಚುವ ಮುಖವಾಡದೊಳಗೆ ಮೈಕ್ ಇಟ್ಟರೆ ಒಳಗಿನ ಗುಂಯ್‌ಗುಡುವಿಕೆಯೂ ದೊಡ್ಡದಾಗುತ್ತದೆ. ಇಡಲೇಬೇಕಾದರೆ ಹೊರಗೆ, ಹಣೆಯ ಮೇಲೆ.